ಜೆಟ್ ಎಂಜಿನ್ನಿನ ಶಬ್ದಮೂಲಗಳ ಶೋಧ: ಮೈಕ್ರೋಫೋನ್ ವ್ಯೂಹಗಳ ತತ್ತ್ವ, ಬಳಕೆ ಮತ್ತು ಮಿತಿಗಳು

1. ಪೀಠಿಕೆ

2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ತಯಾರಿಕಾ ಘಟಕ ಉದ್ಘಾಟನೆಗೊಂಡಿತು. 615 ಎಕರೆ ವಿಸ್ತಾರದ ಈ ಘಟಕವು ಮೊದಲ ಹಂತದಲ್ಲಿ ವರ್ಷಕ್ಕೆ 30 ಲಘು ಹೆಲಿಕಾಪ್ಟರುಗಳನ್ನು ತಯಾರಿಸುವ ಉದ್ದೇಶದಿಂದ ರೂಪುಗೊಂಡಿದೆ. 1940ರ ದಶಕದಿಂದಲೂ ಬಹುಮಟ್ಟಿಗೆ ಬೆಂಗಳೂರಿನ ಪೂರ್ವಭಾಗಕ್ಕೆ ಸೀಮಿತವಾಗಿದ್ದ ವಿಮಾನ ಎಂಜಿನ್ನುಗಳ ಸದ್ದು ಹೀಗೆ ತೆಂಗು, ಅಡಕೆ, ರಾಗಿ ಬೆಳೆಯುವ ಬಯಲುಸೀಮೆಯ ಹಳ್ಳಿಗಳ ನೆರೆಗೂ ಬಂದಿತು. ಕೈಗಾರಿಕೆ ಬೆಳೆದಲ್ಲೆಲ್ಲ ಶಬ್ದದ ಪ್ರಶ್ನೆಯೂ ಬೆಳೆಯುತ್ತದೆ. ಆದರೆ ಆ ಪ್ರಶ್ನೆಯನ್ನು ಸಾಮಾನ್ಯವಾಗಿ 'ಎಷ್ಟು ಶಬ್ದ?' ಎಂಬ ರೂಪದಲ್ಲಿ ಮಾತ್ರ ಕೇಳಲಾಗುತ್ತದೆ. 'ಆ ಶಬ್ದ ಎಲ್ಲಿಂದ ಹುಟ್ಟುತ್ತಿದೆ?' ಎಂಬುದು ಅದಕ್ಕಿಂತ ಕಠಿಣವಾದ, ಪರಿಹಾರದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಪ್ರಶ್ನೆ.

ಈ ಎರಡು ಪ್ರಶ್ನೆಗಳ ಅಂತರವನ್ನು ಒಂದು ಪರಿಚಿತ ನಿದರ್ಶನದಿಂದ ಗ್ರಹಿಸಬಹುದು. ತುಮಕೂರು ನಗರದ ಅಂಚಿನ ಅಂತರಸನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ, ತರಕಾರಿ ಮಾರುಕಟ್ಟೆಯಿದೆ, ಸಮೀಪದಲ್ಲೇ ಹೆದ್ದಾರಿಯ ಸಂಚಾರವಿದೆ. ಅಲ್ಲಿ ಒಂದು ಶಬ್ದಮಾಪಕವನ್ನು ನಿಲ್ಲಿಸಿದರೆ ಅದು ಒಂದು ಸಂಖ್ಯೆಯನ್ನು ತೋರಿಸುತ್ತದೆ. ಆ ಸಂಖ್ಯೆಯಲ್ಲಿ ಲಾರಿಗಳ ಪಾಲೆಷ್ಟು, ಯಂತ್ರಗಳ ಪಾಲೆಷ್ಟು, ಸಂತೆಯ ಕೂಗಿನ ಪಾಲೆಷ್ಟು ಎಂಬುದನ್ನು ಆ ಮಾಪಕ ಹೇಳಲಾರದು. 2000ದ ಶಬ್ದಮಾಲಿನ್ಯ ನಿಯಮಗಳು ಕೈಗಾರಿಕಾ ಪ್ರದೇಶಕ್ಕೆ ಹಗಲಿನಲ್ಲಿ 75, ರಾತ್ರಿಯಲ್ಲಿ 70 ಡೆಸಿಬೆಲ್ ಮಿತಿಯನ್ನೂ ವಸತಿ ಪ್ರದೇಶಕ್ಕೆ ಕ್ರಮವಾಗಿ 55 ಮತ್ತು 45 ಡೆಸಿಬೆಲ್ ಮಿತಿಯನ್ನೂ ವಿಧಿಸಿವೆ. ಮಿತಿ ಮೀರಿದೆಯೆಂದು ತಿಳಿಯಲು ಒಂದು ಮಾಪಕ ಸಾಕು. ಮೀರಿದ್ದಕ್ಕೆ ಕಾರಣ ಯಾವುದೆಂದು ತಿಳಿಯಲು ಅದು ಸಾಲದು. ಅಂತರಸನಹಳ್ಳಿಯ ಈ ಕಲಬೆರಕೆಯೇ ಒಂದು ಜೆಟ್ ಎಂಜಿನ್ನಿನೊಳಗೆ ಕೆಲವೇ ಮೀಟರುಗಳ ಉದ್ದದಲ್ಲಿ ಅಡಕವಾಗಿದೆಯೆಂದು ಭಾವಿಸಿದರೆ, ಎಂಜಿನ್ ವಿನ್ಯಾಸಕಾರರ ಮುಂದಿರುವ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಈ ಸಮಸ್ಯೆಗೆ ದೊರೆತಿರುವ ಉತ್ತರಗಳಲ್ಲಿ ಪ್ರಮುಖವಾದುದು ಮೈಕ್ರೋಫೋನ್ ವ್ಯೂಹ. ಅದರ ತತ್ತ್ವವನ್ನು, ಬೆಳವಣಿಗೆಯನ್ನು, ಮುಖ್ಯವಾಗಿ ಅದು ನೀಡುವ ಚಿತ್ರವನ್ನು ಓದುವಾಗ ವಹಿಸಬೇಕಾದ ಎಚ್ಚರವನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

2. ಮೂಲವನ್ನು ಅರಿಯದೆ ಮಾಡಿದ ಉಪಚಾರ

ಶಬ್ದದ ಮಟ್ಟವನ್ನು ಅಳೆಯುವ ಡೆಸಿಬೆಲ್ ಮಾನ ಲಘುಗಣಕೀಯವಾದುದು. ಆದ್ದರಿಂದ ಅದರ ಕೂಡುವ ಲೆಕ್ಕವು ಸಾಮಾನ್ಯ ಲೆಕ್ಕದಂತಿಲ್ಲ. ತಲಾ 100 ಡೆಸಿಬೆಲ್ ಹೊಮ್ಮಿಸುವ ಎರಡು ಸ್ವತಂತ್ರ ಮೂಲಗಳು ಸೇರಿದರೆ ಒಟ್ಟು 200 ಆಗದೆ ಸುಮಾರು 103 ಡೆಸಿಬೆಲ್ ಆಗುತ್ತದೆ. ಒಂದು ಮೂಲ 120, ಇನ್ನೊಂದು 110 ಡೆಸಿಬೆಲ್ ಇದ್ದರೆ ಒಟ್ಟು ಮಟ್ಟ ಸುಮಾರು 120.4 ಡೆಸಿಬೆಲ್. ಈ ಎರಡನೆಯ ಸಂದರ್ಭದಲ್ಲಿ ಬಹಳ ಶ್ರಮಪಟ್ಟು ಚಿಕ್ಕ ಮೂಲವನ್ನು ಸಂಪೂರ್ಣವಾಗಿ ಅಡಗಿಸಿದರೂ ದೊರೆಯುವ ಲಾಭ 0.4 ಡೆಸಿಬೆಲ್ ಮಾತ್ರ. ಅಷ್ಟು ಅಲ್ಪ ವ್ಯತ್ಯಾಸವನ್ನು ಕಿವಿ ಗುರುತಿಸುವುದೇ ಇಲ್ಲ.

ವಿಮಾನ ಎಂಜಿನ್ನಿನಲ್ಲಿ ಈ ಲೆಕ್ಕಕ್ಕೆ ವಿಶೇಷ ಬೆಲೆಯಿದೆ. ಶಬ್ದವನ್ನು ಹೀರುವ ಒಳಪದರವನ್ನು ಅಳವಡಿಸಿದರೆ ತೂಕ ಹೆಚ್ಚುತ್ತದೆ. ನಳಿಕೆಯ ಅಂಚಿನ ಆಕಾರವನ್ನು ಬದಲಿಸಿದರೆ ನೂಕುಬಲದಲ್ಲಿ ಸ್ವಲ್ಪ ನಷ್ಟವಾಗಬಹುದು. ಅಲಗುಗಳ ಸಂಖ್ಯೆಯನ್ನು ಬದಲಿಸಬೇಕಾದರೆ ಎಂಜಿನ್ನಿನ ಒಂದು ಭಾಗವನ್ನೇ ಮರುವಿನ್ಯಾಸಗೊಳಿಸಬೇಕು. ಇಂತಹ ಪ್ರತಿಯೊಂದು ಉಪಚಾರಕ್ಕೂ ಹಣ, ತೂಕ ಮತ್ತು ಇಂಧನದ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. ರೋಗವಿರುವ ಅಂಗವನ್ನು ಬಿಟ್ಟು ಬೇರೆ ಅಂಗಕ್ಕೆ ಮದ್ದು ಹಚ್ಚಿದಂತೆ, ಪ್ರಧಾನ ಮೂಲವನ್ನು ಗುರುತಿಸದೆ ಗೌಣ ಮೂಲಕ್ಕೆ ಮಾಡಿದ ವೆಚ್ಚ ವ್ಯರ್ಥವಾಗುತ್ತದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು 1971ರಲ್ಲಿ ಮೊದಲಿಗೆ ಅಂಗೀಕರಿಸಿದ ಶಬ್ದಮಾನಕಗಳು ಅನಂತರದ ದಶಕಗಳಲ್ಲಿ ಹಂತಹಂತವಾಗಿ ಬಿಗಿಯಾಗಿವೆ. ಮಾನಕ ಬಿಗಿಯಾದಷ್ಟೂ ದೊಡ್ಡ ಮೂಲಗಳು ಮೊದಲು ಅಡಗಿ, ಉಳಿದವು ಪರಸ್ಪರ ಸಮಬಲದ ಹಲವು ಮೂಲಗಳಾಗುತ್ತವೆ. ಆಗ ಅವುಗಳನ್ನು ಪ್ರತ್ಯೇಕಿಸುವ ಕೆಲಸ ಇನ್ನಷ್ಟು ಸೂಕ್ಷ್ಮವಾಗುತ್ತದೆ.

3. ಎಂಜಿನ್ನಿನಲ್ಲಿ ಶಬ್ದ ಹುಟ್ಟುವ ತಾಣಗಳು

ಟರ್ಬೋಫ್ಯಾನ್ ಎಂಜಿನ್ನಿನ ಮುಂಭಾಗದಲ್ಲಿರುವ ಫ್ಯಾನು ತಿರುಗುವಾಗ ಅದರ ಅಲಗುಗಳು ಒಂದು ನಿಶ್ಚಿತ ಸ್ಥಾನವನ್ನು ಸೆಕೆಂಡಿಗೆ ಎಷ್ಟು ಬಾರಿ ಹಾದುಹೋಗುತ್ತವೆಯೋ ಆ ಆವೃತ್ತಿಯಲ್ಲಿ ಸ್ಪಷ್ಟವಾದ ಸ್ವರ ಏಳುತ್ತದೆ. 22 ಅಲಗುಗಳ ಫ್ಯಾನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಆ ಸ್ವರದ ಆವೃತ್ತಿ 1,100 ಹರ್ಟ್ಸ್. ಅದರ ಗುಣಕಗಳೂ ಜೊತೆಗೆ ಕೇಳಿಬರುತ್ತವೆ. ಫ್ಯಾನಿನಿಂದ ಬೀಳುವ ಗಾಳಿಯ ಜಾಡು ಹಿಂದಿರುವ ಸ್ಥಿರ ಅಲಗುಗಳಿಗೆ ಬಡಿದಾಗ ಈ ಸ್ವರ ಬಲಗೊಳ್ಳುತ್ತದೆ. ಟೈಲರ್ ಮತ್ತು ಸೋಫ್ರಿನ್ ಎಂಬ ಸಂಶೋಧಕರು 1962ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು, ಚಲ ಮತ್ತು ಸ್ಥಿರ ಅಲಗುಗಳ ಸಂಖ್ಯೆಗಳನ್ನು ವಿವೇಕದಿಂದ ಆರಿಸಿದರೆ ಈ ಸ್ವರ ನಾಳದೊಳಗೇ ಕ್ಷಯಿಸುವಂತೆ ಮಾಡಬಹುದೆಂದು ತೋರಿಸಿತು. ಅಲಗುಗಳ ತುದಿ ಧ್ವನಿವೇಗವನ್ನು ಮೀರಿದಾಗ ಗರಗಸದ ಸದ್ದನ್ನು ಹೋಲುವ ಬೇರೊಂದು ಶಬ್ದ ಏಳುತ್ತದೆ.

ಎಂಜಿನ್ನಿನ ನಡುಭಾಗದಲ್ಲಿ ಕಂಪ್ರೆಸರ್, ದಹನ ಕೋಷ್ಠ ಮತ್ತು ಟರ್ಬೈನ್‌ಗಳಿವೆ. ಕಂಪ್ರೆಸರ್ ಮತ್ತು ಟರ್ಬೈನ್‌ಗಳಿಂದ ಉಚ್ಚ ಆವೃತ್ತಿಯ ಸೀಟಿಯಂತಹ ಸ್ವರಗಳೂ, ದಹನದಿಂದ ಕೆಲವು ನೂರು ಹರ್ಟ್ಸ್ ಆಸುಪಾಸಿನ ಮಂದ್ರ ಮೊರೆತವೂ ಹೊರಡುತ್ತವೆ. ಹಿಂಭಾಗದ ನಳಿಕೆಯಿಂದ ಹೊರಚಿಮ್ಮುವ ಬಿಸಿ ಅನಿಲದ ಧಾರೆಯು ಸುತ್ತಲಿನ ನಿಶ್ಚಲ ಗಾಳಿಯೊಡನೆ ಬೆರೆಯುವಾಗ ಏಳುವ ಸುಳಿಗಳಿಂದ ಜೆಟ್ ಶಬ್ದ ಹುಟ್ಟುತ್ತದೆ. ಬ್ರಿಟಿಷ್ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಈ ಶಬ್ದದ ಶಕ್ತಿಯು ಧಾರೆಯ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗವನ್ನು ಅರ್ಧಕ್ಕಿಳಿಸಿದರೆ ಶಬ್ದ ಸುಮಾರು 24 ಡೆಸಿಬೆಲ್ ತಗ್ಗುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವ ದೊಡ್ಡ ಫ್ಯಾನುಗಳ ನಾಗರಿಕ ಎಂಜಿನ್ನುಗಳು ಹಳೆಯವುಗಳಿಗಿಂತ ಮೌನವಾಗಿರುವುದಕ್ಕೆ ಇದು ಮುಖ್ಯ ಕಾರಣ.

ಜೆಟ್ ಶಬ್ದದ ವಿಶೇಷವೆಂದರೆ ಅದು ನಳಿಕೆಯ ಬಾಯಲ್ಲಿ ಮಾತ್ರ ಹುಟ್ಟುವುದಿಲ್ಲ. ಚಿಕ್ಕ ಸುಳಿಗಳಿಂದ ಬರುವ ಉಚ್ಚ ಆವೃತ್ತಿಯ ಶಬ್ದ ನಳಿಕೆಯ ಹತ್ತಿರವೂ, ದೊಡ್ಡ ಸುಳಿಗಳಿಂದ ಬರುವ ಮಂದ್ರ ಶಬ್ದ ನಳಿಕೆಯ ವ್ಯಾಸದ ಹಲವು ಪಟ್ಟು ಹಿಂದಕ್ಕೂ ಹುಟ್ಟುತ್ತವೆ. ಅಂದರೆ ಯಂತ್ರದ ಯಾವ ಭಾಗವೂ ಇಲ್ಲದ ಬರಿಯ ಬಯಲಿನಲ್ಲಿ ಯಂತ್ರದ ಪ್ರಬಲ ಶಬ್ದಮೂಲವೊಂದಿದೆ. ಕೈಯಿಂದ ಮುಟ್ಟಿ, ಕಣ್ಣಿನಿಂದ ನೋಡಿ ಇದನ್ನು ಪತ್ತೆಹಚ್ಚಲಾಗದು.

4. ವ್ಯೂಹದ ತತ್ತ್ವ

ಮನುಷ್ಯನಿಗೆ ಎರಡು ಕಿವಿಗಳಿರುವುದರಿಂದ ಸದ್ದು ಬಂದ ದಿಕ್ಕು ತಿಳಿಯುತ್ತದೆ. ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಒಂದು ಕ್ಷಣಾಂಶ ಮೊದಲು ತಲಪುತ್ತದೆ. ಆ ಕಾಲಾಂತರವನ್ನು ಮೆದುಳು ದಿಕ್ಕಾಗಿ ಪರಿವರ್ತಿಸುತ್ತದೆ. ಮೈಕ್ರೋಫೋನ್ ವ್ಯೂಹವು ಇದೇ ತತ್ತ್ವದ ವಿಸ್ತರಣೆ. ಎರಡು ಕಿವಿಗಳ ಬದಲು ಹತ್ತಾರು ಅಥವಾ ನೂರಾರು ಮೈಕ್ರೋಫೋನುಗಳನ್ನು ಒಂದು ಚೌಕಟ್ಟಿನ ಮೇಲೆ ಗೊತ್ತಾದ ಸ್ಥಾನಗಳಲ್ಲಿ ನಿಲ್ಲಿಸಿ, ಎಲ್ಲದರ ಸಂಕೇತಗಳನ್ನೂ ಏಕಕಾಲದಲ್ಲಿ ದಾಖಲಿಸಲಾಗುತ್ತದೆ.

ಲೆಕ್ಕದ ವಿಧಾನ ಸರಳವಾಗಿದೆ. ಎಂಜಿನ್ನಿನ ಮೇಲೆ ಒಂದು ಕಾಲ್ಪನಿಕ ಬಿಂದುವನ್ನು ಆರಿಸಿಕೊಳ್ಳಬೇಕು. ಅದರಿಂದ ಒಂದು ಮೈಕ್ರೋಫೋನು 5.00 ಮೀಟರ್, ಇನ್ನೊಂದು 5.34 ಮೀಟರ್ ದೂರದಲ್ಲಿವೆಯೆನ್ನೋಣ. ಧ್ವನಿವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ದರಿಂದ ಆ ಬಿಂದುವಿನಲ್ಲಿ ಹುಟ್ಟಿದ ಸದ್ದು ಎರಡನೆಯ ಮೈಕ್ರೋಫೋನನ್ನು ಒಂದು ಮಿಲಿಸೆಕೆಂಡು ತಡವಾಗಿ ಸೇರುತ್ತದೆ. ಎರಡನೆಯ ದಾಖಲೆಯನ್ನು ಅಷ್ಟೇ ಕಾಲ ಹಿಂದಕ್ಕೆ ಸರಿಸಿ ಮೊದಲನೆಯದಕ್ಕೆ ಕೂಡಿಸಿದರೆ, ಆ ಬಿಂದುವಿನಿಂದ ನಿಜವಾಗಿಯೂ ಸದ್ದು ಬಂದಿದ್ದ ಪಕ್ಷದಲ್ಲಿ ಅಲೆಯ ಏರಿಗೆ ಏರು, ಇಳಿವಿಗೆ ಇಳಿವು ಹೊಂದಿಕೊಂಡು ಮೊತ್ತ ಹೆಚ್ಚುತ್ತದೆ. ಸದ್ದು ಬೇರೆ ಕಡೆಯಿಂದ ಬಂದಿದ್ದರೆ ಅಲೆಗಳು ಹೊಂದದೆ ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ. ಎಲ್ಲ ಮೈಕ್ರೋಫೋನುಗಳಿಗೂ ಹೀಗೆಯೇ ಮಾಡಿ, ಅನಂತರ ಮುಂದಿನ ಬಿಂದುವಿಗೆ ಹೋಗಬೇಕು. 4 ಮೀಟರ್ ಉದ್ದ, 2 ಮೀಟರ್ ಎತ್ತರದ ಕ್ಷೇತ್ರವನ್ನು 5 ಸೆಂಟಿಮೀಟರಿಗೊಂದರಂತೆ ಶೋಧಿಸಿದರೆ ಸುಮಾರು 3,200 ಬಿಂದುಗಳಾಗುತ್ತವೆ. ಪ್ರತಿ ಬಿಂದುವಿನ ಮೊತ್ತಕ್ಕೆ ಒಂದೊಂದು ಬಣ್ಣ ಕೊಟ್ಟರೆ ಎಂಜಿನ್ನಿನ ಚಿತ್ರದ ಮೇಲೆ ಶಬ್ದದ ನಕ್ಷೆ ಮೂಡುತ್ತದೆ.

64 ಮೈಕ್ರೋಫೋನುಗಳ ವ್ಯೂಹವು ಮೈಕ್ರೋಫೋನುಗಳಲ್ಲಿ ಪರಸ್ಪರ ಸಂಬಂಧವಿಲ್ಲದೆ ಏಳುವ ಹಿನ್ನೆಲೆಯ ಸದ್ದಿಗೆ ಹೋಲಿಸಿದರೆ ಬೇಕಾದ ಸಂಕೇತವನ್ನು ತಾತ್ತ್ವಿಕವಾಗಿ 18 ಡೆಸಿಬೆಲ್‌ಗಳಷ್ಟು ಮೇಲೆತ್ತುತ್ತದೆ. ಪ್ರತಿ ಮೈಕ್ರೋಫೋನಿನಿಂದ ಸೆಕೆಂಡಿಗೆ 50,000 ಮಾದರಿಗಳನ್ನು ಪಡೆದರೆ 64ರಿಂದ ಸೆಕೆಂಡಿಗೆ 32 ಲಕ್ಷ ಸಂಖ್ಯೆಗಳು ಬರುತ್ತವೆ. ಈ ರಾಶಿಯನ್ನು ಎರಡೆರಡು ಮೈಕ್ರೋಫೋನುಗಳ ಜೋಡಿಗಳ ಪರಸ್ಪರ ಸಂಬಂಧದ ಕೋಷ್ಟಕವಾಗಿ ಸಂಗ್ರಹಿಸುವುದು ರೂಢಿ. 64ರಿಂದ ಇಂತಹ 2,016 ಭಿನ್ನ ಜೋಡಿಗಳು ದೊರೆಯುತ್ತವೆ. ಪ್ರತಿ ಮೈಕ್ರೋಫೋನು ತನ್ನೊಡನೆ ತಾನೇ ಜೋಡಿಯಾಗುವ ಕರ್ಣರೇಖೆಯ ಅಂಕಿಗಳನ್ನು ಕೈಬಿಟ್ಟರೆ, ಮೈಕ್ರೋಫೋನಿನ ಮೇಲೆಯೇ ಬೀಸುವ ಗಾಳಿಯ ಸದ್ದಿನ ಬಹುಪಾಲು ನಿವಾರಣೆಯಾಗುತ್ತದೆ.

ವ್ಯೂಹದ ಸೂಕ್ಷ್ಮತೆಯನ್ನು ನಿರ್ಧರಿಸುವುದು ಅದರ ಅಗಲ ಮತ್ತು ಧ್ವನಿಯ ತರಂಗದೂರ. ಈ ವಿಷಯದಲ್ಲಿ ಅದು ರೇಡಿಯೋ ದೂರದರ್ಶಕದ ಸೋದರ. ತುಮಕೂರು ಜಿಲ್ಲೆಗೆ ನೆರೆಯ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ 1,000 ಸರಳ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಒಂದು ಕಿಲೋಮೀಟರಿಗೂ ಮೀರಿದ ಉದ್ದಕ್ಕೆ ಹರಡಿ 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಆಕಾಶದ ನಕ್ಷೆಯನ್ನು ರಚಿಸಲಾಯಿತು. ತರಂಗದೂರ ಹೆಚ್ಚಿದ್ದಷ್ಟೂ ಆಂಟೆನಾಗಳ ಹರಹೂ ಹೆಚ್ಚಬೇಕೆಂಬ ನಿಯಮಕ್ಕೆ ಅದು ದೃಷ್ಟಾಂತ. ಧ್ವನಿಯಲ್ಲೂ ಅದೇ ನಿಯಮ ಅನ್ವಯಿಸುತ್ತದೆ. 2 ಮೀಟರ್ ಅಗಲದ ವ್ಯೂಹವನ್ನು ಎಂಜಿನ್ನಿನಿಂದ 10 ಮೀಟರ್ ದೂರದಲ್ಲಿಟ್ಟರೆ, 5,000 ಹರ್ಟ್ಸ್ ಆವೃತ್ತಿಯಲ್ಲಿ ಸುಮಾರು 0.4 ಮೀಟರ್ ಅಂತರದ ಎರಡು ಮೂಲಗಳನ್ನು ಬೇರ್ಪಡಿಸಿ ತೋರಿಸಬಲ್ಲುದು. 1,000 ಹರ್ಟ್ಸ್‌ನಲ್ಲಿ ಆ ಅಂತರ 2 ಮೀಟರಿಗೂ, 500 ಹರ್ಟ್ಸ್‌ನಲ್ಲಿ 4 ಮೀಟರಿಗೂ ಹಿಗ್ಗುತ್ತದೆ. ಅದಕ್ಕಿಂತ ಹತ್ತಿರದಲ್ಲಿರುವ ಎರಡು ಮೂಲಗಳು ನಕ್ಷೆಯಲ್ಲಿ ಒಂದೇ ಮಚ್ಚೆಯಾಗಿ ಕಾಣುತ್ತವೆ.

ಉಚ್ಚ ಆವೃತ್ತಿಯಲ್ಲಿ ಇದಕ್ಕೆ ವಿರುದ್ಧವಾದ ತೊಡಕೊಂದಿದೆ. ಮೈಕ್ರೋಫೋನುಗಳನ್ನು ಸಮಾನ ಅಂತರದಲ್ಲಿ ಜೋಡಿಸಿದಾಗ ಆ ಅಂತರ ಅರ್ಧ ತರಂಗದೂರವನ್ನು ಮೀರಿದರೆ ಇಲ್ಲದ ಕಡೆಯಲ್ಲಿ ಹುಸಿ ಮೂಲಗಳು ಕಾಣಿಸಿಕೊಳ್ಳುತ್ತವೆ. 10,000 ಹರ್ಟ್ಸ್‌ನಲ್ಲಿ ಅರ್ಧ ತರಂಗದೂರ ಕೇವಲ 1.7 ಸೆಂಟಿಮೀಟರ್. ಆ ಅಂತರದಲ್ಲಿ 2 ಮೀಟರಿನ ಚೌಕವನ್ನು ತುಂಬಲು ಸುಮಾರು 14,000 ಮೈಕ್ರೋಫೋನುಗಳು ಬೇಕಾಗುತ್ತವೆ. ಸುರುಳಿಯಾಕಾರದಲ್ಲಿ, ಯಾವ ಎರಡು ಅಂತರಗಳೂ ಆದಷ್ಟು ಪುನರಾವರ್ತನೆಯಾಗದಂತೆ ಜೋಡಿಸಿದರೆ ನೂರರಷ್ಟು ಮೈಕ್ರೋಫೋನುಗಳಿಂದಲೇ ಕೆಲಸ ಸಾಗುತ್ತದೆ. ವ್ಯೂಹಗಳಲ್ಲಿ ಕಾಣುವ ಸುರುಳಿ ವಿನ್ಯಾಸವು ಅಲಂಕಾರಕ್ಕಾಗಿ ಮೂಡಿದ್ದಲ್ಲ, ಈ ಮಿತವ್ಯಯದಿಂದ ಹುಟ್ಟಿದ್ದು.

5. ಬೆಳವಣಿಗೆಯ ಹೆಜ್ಜೆಗಳು

ಧ್ವನಿಯ ಕಾಲಾಂತರದಿಂದ ಸ್ಥಾನವನ್ನು ಕಂಡುಹಿಡಿಯುವ ಪ್ರಯೋಗ ಯುದ್ಧಭೂಮಿಯಲ್ಲಿ ಮೊದಲಾಯಿತು. ಮೊದಲ ಮಹಾಯುದ್ಧದಲ್ಲಿ ಲಾರೆನ್ಸ್ ಬ್ರಾಗ್ ಮತ್ತು ಅವರ ಸಹೋದ್ಯೋಗಿಗಳು ಸಾಲಾಗಿ ನಿಲ್ಲಿಸಿದ ಮೈಕ್ರೋಫೋನುಗಳಿಂದ ಶತ್ರು ಫಿರಂಗಿಗಳ ನೆಲೆಯನ್ನು ಗುರುತಿಸುವ ವಿಧಾನವನ್ನು ರೂಪಿಸಿದರು. ಜೆಟ್ ಎಂಜಿನ್ನಿಗೆ ಈ ತತ್ತ್ವದ ಅನ್ವಯ 1970ರ ದಶಕದಲ್ಲಿ ಸಾಧ್ಯವಾಯಿತು. ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿನ ಶಬ್ದ ಆ ಕಾಲದ ದೊಡ್ಡ ಸಮಸ್ಯೆಯಾಗಿತ್ತು. ಬಿಲಿಂಗ್ಸ್‌ಲಿ ಮತ್ತು ಕಿನ್ಸ್ ಎಂಬ ಸಂಶೋಧಕರು 14 ಮೈಕ್ರೋಫೋನುಗಳ ಸಾಲನ್ನು ಒಂದು ಸಣ್ಣ ಗಣಕಕ್ಕೆ ಜೋಡಿಸಿ ಒಲಿಂಪಸ್ ಎಂಜಿನ್ನಿನ ಶಬ್ದಮೂಲಗಳನ್ನು ಶೋಧಿಸಿದರು. 1976ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತಮ್ಮ ಸಾಧನವನ್ನು 'ಧ್ವನಿ ದೂರದರ್ಶಕ' ಎಂದು ಹೆಸರಿಸಿದರು. ಮರುವರ್ಷ ಫಿಷರ್, ಹಾರ್ಪರ್-ಬೋರ್ನ್ ಮತ್ತು ಗ್ಲೆಗ್ ಅವರು ಎಂಜಿನ್ನಿನ ಸುತ್ತ ಕಮಾನಿನ ಆಕಾರದಲ್ಲಿ ಮೈಕ್ರೋಫೋನುಗಳನ್ನಿಟ್ಟು ಅಕ್ಷದುದ್ದಕ್ಕೂ ಮೂಲಗಳ ಹಂಚಿಕೆಯನ್ನು ಲೆಕ್ಕ ಹಾಕುವ ವಿಧಾನವನ್ನು ಪ್ರಕಟಿಸಿದರು.

ಅನಂತರದ ಪ್ರಗತಿಗೆ ಗಣಕಗಳ ಸಾಮರ್ಥ್ಯವೇ ಆಧಾರ. ವ್ಯೂಹವು ತೋರಿಸುವ ನಕ್ಷೆಯಲ್ಲಿ ನಿಜವಾದ ಮೂಲದ ಜೊತೆಗೆ ವ್ಯೂಹದ ಸ್ವಂತ ಮುದ್ರೆಯೂ ಸೇರಿರುತ್ತದೆ: ಒಂದೇ ಬಿಂದುವಿನ ಮೂಲವೂ ಹರಡಿದ ಮಚ್ಚೆಯಾಗಿ, ಸುತ್ತಲೂ ಮಂದವಾದ ಉಪಶಿಖರಗಳೊಡನೆ ಕಾಣಿಸುತ್ತದೆ. ಈ ಮುದ್ರೆಯನ್ನು ಗಣಿತದಿಂದ ಕಳೆದುಹಾಕುವ 'ಡಮಾಸ್' ವಿಧಾನವನ್ನು ಅಮೆರಿಕದ ನಾಸಾ ಸಂಸ್ಥೆಯ ಬ್ರೂಕ್ಸ್ ಮತ್ತು ಹಂಫ್ರೀಸ್ 2004ರಲ್ಲಿ ಮಂಡಿಸಿದರು. ರೇಡಿಯೋ ಖಗೋಳವಿಜ್ಞಾನದಲ್ಲಿ 1974ರಿಂದ ಬಳಕೆಯಲ್ಲಿದ್ದ 'ಕ್ಲೀನ್' ವಿಧಾನವನ್ನು ನೆದರ್ಲೆಂಡ್ಸಿನ ಸೈಟ್ಸ್‌ಮಾ 2007ರಲ್ಲಿ ಧ್ವನಿಶೋಧಕ್ಕೆ ಹೊಂದುವಂತೆ ಪರಿಷ್ಕರಿಸಿದರು. ನಕ್ಷತ್ರಗಳನ್ನು ನೋಡಲು ರೂಪಿಸಿದ ಗಣಿತ ಎಂಜಿನ್ನಿನ ಸದ್ದನ್ನು ಕೇಳಲು ಒದಗಿದ್ದು ವಿಜ್ಞಾನ ಶಾಖೆಗಳ ಕೊಡುಕೊಳ್ಳುವಿಕೆಗೆ ಉತ್ತಮ ನಿದರ್ಶನ. ಪ್ರಯೋಗಗಳ ಪ್ರಮಾಣವೂ ಬೆಳೆಯಿತು. 2020ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಗ್ಲಾಸ್ಗೋ ಎಂಬಲ್ಲಿ ಬೋಯಿಂಗ್ 787 ವಿಮಾನದ ಹಾರಾಟ ಪರೀಕ್ಷೆಗಳಲ್ಲಿ ವಿಮಾನದ ಹೊರಮೈಯ ಮೇಲೂ ನೆಲದ ಮೇಲೂ ಸೇರಿ ಸುಮಾರು 1,200 ಮೈಕ್ರೋಫೋನುಗಳು ಬಳಕೆಯಾದವು. 14ರಿಂದ 1,200ಕ್ಕೆ ಏರಿದ ಈ ಸಂಖ್ಯೆಯೇ ನಾಲ್ಕೂವರೆ ದಶಕಗಳ ಕಥೆಯನ್ನು ಹೇಳುತ್ತದೆ.

6. ಪರೀಕ್ಷೆಯ ಸ್ಥಳ ಮತ್ತು ಸನ್ನಿವೇಶ

ವ್ಯೂಹದ ಲೆಕ್ಕವು ಧ್ವನಿ ಮೂಲದಿಂದ ಮೈಕ್ರೋಫೋನಿಗೆ ನೇರವಾಗಿ ಬರುತ್ತದೆಂಬ ಊಹೆಯ ಮೇಲೆ ನಿಂತಿದೆ. ಗೋಡೆಗಳಿರುವಲ್ಲಿ ಈ ಊಹೆ ಸಡಿಲವಾಗುತ್ತದೆ. ಎಂಜಿನ್ನುಗಳನ್ನು ದಿನನಿತ್ಯ ಓಡಿಸಿ ನೋಡುವ ಕಾಂಕ್ರೀಟ್ ಪರೀಕ್ಷಾ ಕೋಣೆಗಳಲ್ಲಿ ಗೋಡೆ, ನೆಲ, ಚಾವಣಿಗಳಿಂದ ಬರುವ ಪ್ರತಿಧ್ವನಿಗಳು ನಕ್ಷೆಯಲ್ಲಿ ಹುಸಿ ಮೂಲಗಳಾಗಿ ಮೂಡುತ್ತವೆ. ವಿಜಯಪುರದ ಗೋಲಗುಮ್ಮಟದ ಮೊಗಸಾಲೆಯಲ್ಲಿ ನಿಂತವರಿಗೆ ಎದುರು ದಂಡೆಯ ಪಿಸುಮಾತು ಪಕ್ಕದ ಗೋಡೆಯಿಂದ ಬಂದಂತೆ ಕೇಳುವ ಅನುಭವ ಇದಕ್ಕೆ ಸಮಾನವಾದುದು. ಆದ್ದರಿಂದ ಶಬ್ದಶೋಧದ ಪರೀಕ್ಷೆಗಳಿಗೆ ತೆರೆದ ಬಯಲು ಅಥವಾ ಪ್ರತಿಧ್ವನಿಯನ್ನು ಹೀರುವ ವಿಶೇಷ ಕೋಣೆ ಅಗತ್ಯ. ಬಯಲಿನಲ್ಲೂ ನೆಲದಿಂದ ಪ್ರತಿಫಲನವಿರುತ್ತದೆ. ಮೈಕ್ರೋಫೋನನ್ನು ನೆಲದ ಮೇಲಿನ ಗಟ್ಟಿ ಹಲಗೆಯ ಮಟ್ಟದಲ್ಲಿಯೇ ಇರಿಸಿದರೆ ನೇರ ಅಲೆ ಮತ್ತು ಪ್ರತಿಫಲಿತ ಅಲೆ ಒಟ್ಟಿಗೇ ಬಂದು ಮಟ್ಟವು ನಿಶ್ಚಿತವಾಗಿ 6 ಡೆಸಿಬೆಲ್ ಏರುತ್ತದೆ. ಅದನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ.

ನಿಂತ ಎಂಜಿನ್ನಿನ ಪರೀಕ್ಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಾರುವ ಎಂಜಿನ್ನು ತಾಜಾ ಗಾಳಿಯನ್ನು ಎದುರುಗೊಳ್ಳುತ್ತದೆ; ನಿಂತ ಎಂಜಿನ್ನು ಸುತ್ತಲಿನ ಗಾಳಿಯನ್ನು ಎಲ್ಲ ದಿಕ್ಕಿನಿಂದ ಸೆಳೆಯುವಾಗ ವಾತಾವರಣದ ಸುಳಿಗಳು ಹಿಂಜಿ ಉದ್ದವಾಗಿ ಒಳಸೇರುತ್ತವೆ. ಪ್ರತಿ ಅಲಗೂ ಅದೇ ಸುಳಿಯನ್ನು ಮತ್ತೆ ಮತ್ತೆ ಕತ್ತರಿಸುವುದರಿಂದ ಹಾರಾಟದಲ್ಲಿ ಇಲ್ಲದ ಸ್ವರ ಹುಟ್ಟುತ್ತದೆ. ಎಂಜಿನ್ನಿನ ಬಾಯಿಗೆ ಜೇನುಗೂಡಿನ ರಚನೆಯ ದೊಡ್ಡ ಗೋಳಾಕಾರದ ಜಾಲರಿಯನ್ನು ಹೊದಿಸುವುದು ಈ ಕಾರಣದಿಂದ. ಉಷ್ಣತೆಯನ್ನೂ ಅಲಕ್ಷಿಸಲಾಗದು. ಬೆಳಗಿನ 18 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 342 ಮೀಟರ್ ಇರುವ ಧ್ವನಿವೇಗ ಮಧ್ಯಾಹ್ನದ 34 ಡಿಗ್ರಿಯಲ್ಲಿ ಸುಮಾರು 352 ಮೀಟರ್ ಆಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಒಂದೇ ದಿನದೊಳಗೆ ಇಷ್ಟು ವ್ಯತ್ಯಾಸ ಸಹಜ. ಬೆಳಗಿನ ಲೆಕ್ಕದಿಂದಲೇ ಮಧ್ಯಾಹ್ನದ ದಾಖಲೆಯನ್ನು ಓದಿದರೆ ನಕ್ಷೆ ಮಸುಕಾಗುತ್ತದೆ.

7. ನಕ್ಷೆಯನ್ನು ಓದುವ ವಿವೇಕ

ಶಬ್ದನಕ್ಷೆಯು ಛಾಯಾಚಿತ್ರದಂತೆ ಕಾಣುತ್ತದೆಯಾದರೂ ಅದು ಛಾಯಾಚಿತ್ರವಲ್ಲ. ಕೆಲವು ಊಹೆಗಳ ಆಧಾರದ ಮೇಲೆ ಮಾಡಿದ ಲೆಕ್ಕದ ಫಲ. ಈ ಊಹೆಗಳು ಎಲ್ಲಿ ಸಲ್ಲುತ್ತವೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಅರಿಯದೆ ನಕ್ಷೆಯನ್ನು ನಂಬುವುದು ಅಪಾಯಕಾರಿ. ಮೂರು ಸಂದರ್ಭಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು, ಫ್ಯಾನಿನ ಶಬ್ದ. ಅದು ನಾಳದೊಳಗೆ ಹುಟ್ಟಿ ಎಂಜಿನ್ನಿನ ಮುಂಬಾಯಿಂದ ಅಥವಾ ಹಿಂಬಾಯಿಂದ ಹೊರಬರುತ್ತದೆ. ಹೊರಗಿನ ವ್ಯೂಹಕ್ಕೆ ಕಾಣುವುದು ಆ ಬಾಯಿ ಮಾತ್ರ. ರಾತ್ರಿಯ ಹೊತ್ತು ಬೀದಿಯಲ್ಲಿ ನಿಂತವನಿಗೆ ಮನೆಯ ಕಿಟಕಿ ಬೆಳಗುವುದು ಕಾಣುತ್ತದೆ, ದೀಪ ಒಳಗೆ ಎಲ್ಲಿದೆಯೆಂದು ಕಾಣುವುದಿಲ್ಲ. ಹಾಗೆಯೇ ನಕ್ಷೆ ತೋರಿಸುವುದು ಶಬ್ದ ಹೊರಬೀಳುವ ತಾಣವನ್ನೇ ಹೊರತು ಹುಟ್ಟುವ ತಾಣವನ್ನಲ್ಲ. ಹುಟ್ಟನ್ನು ಅರಿಯಲು ನಾಳದ ಒಳಗೋಡೆಯ ಮೇಲೆ ಉಂಗುರಾಕಾರದಲ್ಲಿ ಮೈಕ್ರೋಫೋನುಗಳನ್ನು ಕೂರಿಸಿ, ತಿರುಗುತ್ತ ಸಾಗುವ ಅಲೆಗಳನ್ನು ಎಣಿಸಬೇಕಾಗುತ್ತದೆ. ಸುತ್ತಲೂ 20 ಏರಿಳಿತಗಳಿರುವ ಅಲೆಯವರೆಗೆ, ಅದು ತಿರುಗುವ ದಿಕ್ಕಿನ ಸಮೇತ, ಗುರುತಿಸಲು ಕನಿಷ್ಠ 41 ಮೈಕ್ರೋಫೋನುಗಳು ಬೇಕು.

ಎರಡನೆಯದು, ಜೆಟ್ ಶಬ್ದ. ಸಾಮಾನ್ಯ ವಿಧಾನವು ಪ್ರತಿ ಮೂಲವನ್ನೂ ಪರಸ್ಪರ ಸಂಬಂಧವಿಲ್ಲದ ಬಿಂದುವೆಂದೂ, ಎಲ್ಲ ದಿಕ್ಕಿಗೂ ಸಮವಾಗಿ ಧ್ವನಿ ಬೀರುವುದೆಂದೂ ಭಾವಿಸುತ್ತದೆ. ಜೆಟ್ಟಿನ ದೊಡ್ಡ ಸುಳಿಗಳಾದರೋ ಹಲವು ವ್ಯಾಸಗಳ ಉದ್ದಕ್ಕೆ ಒಂದಕ್ಕೊಂದು ಹೊಂದಿಕೊಂಡು ಸಾಗುವ ಅಲೆಗಳ ಗುಂಪಾಗಿ, ಮುಖ್ಯವಾಗಿ ಹಿಮ್ಮುಖದ ಓರೆ ದಿಕ್ಕಿಗೆ ಶಬ್ದವನ್ನು ಬೀರುತ್ತವೆ. ಪಕ್ಕದಲ್ಲಿ ನಿಲ್ಲಿಸಿದ ವ್ಯೂಹ ಅದನ್ನು ಇರುವುದಕ್ಕಿಂತ ಕಡಿಮೆಯೆಂದು ತೋರಿಸಬಹುದು. ಬಿಸಿ ಧಾರೆಯ ಮೂಲಕ ಹಾದುಬರುವ ಧ್ವನಿ ವಕ್ರೀಭವನಗೊಳ್ಳುವುದರಿಂದ ಮೂಲದ ಸ್ಥಾನವೂ ಸರಿದಂತೆ ಕಾಣುತ್ತದೆ.

ಮೂರನೆಯದು, ಚಲಿಸುವ ಮೂಲಗಳು. ಹಾರುವ ವಿಮಾನದ ಅಥವಾ ತಿರುಗುವ ಅಲಗಿನ ಮೇಲಿನ ಮೂಲವನ್ನು ಹಿಡಿಯಬೇಕಾದರೆ ಲೆಕ್ಕದ ಬಿಂದುವೂ ಅದರೊಡನೆ ಚಲಿಸಬೇಕು. ವೇಗದಿಂದಾಗುವ ಆವೃತ್ತಿಯ ಏರಿಳಿತವನ್ನು ಕ್ಷಣಕ್ಷಣಕ್ಕೂ ತಿದ್ದಬೇಕು. ವಿಮಾನದ ಸ್ಥಾನ ತಿಳಿಯುವುದರಲ್ಲಿ ಆಗುವ ದೋಷ ನೇರವಾಗಿ ನಕ್ಷೆಯ ದೋಷವಾಗುತ್ತದೆ.

8. ಕರ್ನಾಟಕದ ಸಂದರ್ಭ

ಈ ವಿದ್ಯೆಗೆ ಸಂಬಂಧಿಸಿದ ಶಾಸ್ತ್ರಗಳಿಗೆ ಕರ್ನಾಟಕ ಹೊಸದಲ್ಲ. 1959ರಲ್ಲಿ ಸ್ಥಾಪನೆಯಾಗಿ ಮರುವರ್ಷ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1,100 ಘನ ಮೀಟರ್ ಗಾತ್ರದ ಪ್ರತಿಧ್ವನಿ ಕೋಷ್ಠವಿದ್ದು, ಇಸ್ರೊದ ಉಪಗ್ರಹಗಳೂ ಉಡಾವಣಾ ವಾಹನಗಳ ಭಾಗಗಳೂ ಅಲ್ಲಿ ಪ್ರಚಂಡ ಶಬ್ದಕ್ಕೆ ಒಡ್ಡಲ್ಪಟ್ಟು ಪರೀಕ್ಷಿತವಾಗಿವೆ. ಅಲ್ಲಿ ವಸ್ತುವಿಗೆ ಶಬ್ದವನ್ನು ಕೇಳಿಸಲಾಗುತ್ತದೆ. ವ್ಯೂಹದಲ್ಲಿ ವಸ್ತುವಿನ ಶಬ್ದವನ್ನು ಕೇಳಲಾಗುತ್ತದೆ. ಒಂದಕ್ಕೆ ಪ್ರತಿಧ್ವನಿಯೇ ಬಂಡವಾಳ, ಇನ್ನೊಂದಕ್ಕೆ ಅದೇ ವೈರಿ. ಈ ಪ್ರಯೋಗಾಲಯವನ್ನು 1984ರಿಂದ 1993ರವರೆಗೆ ಮುನ್ನಡೆಸಿದ ರೊದ್ದಂ ನರಸಿಂಹ ಅವರ ಜೀವಮಾನದ ಅಧ್ಯಯನದ ವಸ್ತು ಕ್ಷುಬ್ಧ ಹರಿವು. ಜೆಟ್ ಶಬ್ದದ ತಾಯಿಯೂ ಅದೇ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಲ್. ಮುಂಜಾಲ್ ಅವರು ನಾಳ ಮತ್ತು ಶಬ್ದಶಾಮಕಗಳನ್ನು ಕುರಿತು 1987ರಲ್ಲಿ ಪ್ರಕಟಿಸಿದ ಗ್ರಂಥ ಲೋಕದಾದ್ಯಂತ ಬಳಕೆಯಲ್ಲಿದೆ. ಅದು ಉಪಚಾರದ ಶಾಸ್ತ್ರ. ವ್ಯೂಹ ನಿದಾನದ ಶಾಸ್ತ್ರ. ಇವೆರಡೂ ಪರಸ್ಪರ ಪೂರಕ.

ಎಂಜಿನ್ ನಿರ್ಮಾಣದ ಅನುಭವವೂ ಇಲ್ಲಿದೆ. ಮಾರುತ್ ಯುದ್ಧವಿಮಾನದ ಆರ್ಫಿಯಸ್ ಎಂಜಿನ್ನುಗಳನ್ನು ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ತಯಾರಿಸಲಾಗಿತ್ತು. ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ 1989ರಲ್ಲಿ ಕೈಗೆತ್ತಿಕೊಂಡ 'ಕಾವೇರಿ' ಎಂಜಿನ್ನು 2008ರಲ್ಲಿ ತೇಜಸ್ ಯೋಜನೆಯಿಂದ ಬೇರ್ಪಟ್ಟರೂ 2010ರ ನವೆಂಬರಿನಲ್ಲಿ ರಷ್ಯಾದಲ್ಲಿ ಹಾರುವ ಪರೀಕ್ಷಾ ವಿಮಾನದ ಮೇಲೆ ಪರೀಕ್ಷಿತವಾಯಿತು. ಇಂತಹ ಯುದ್ಧವಿಮಾನದ ಎಂಜಿನ್ನಿನಲ್ಲಿ ಧಾರೆಯ ವೇಗ ಹೆಚ್ಚಾದ್ದರಿಂದ ಜೆಟ್ ಶಬ್ದವೇ ಪ್ರಧಾನವಾಗುತ್ತದೆ. ಪರೀಕ್ಷಾ ತಾಣಗಳ ಸಿಬ್ಬಂದಿಯ ಶ್ರವಣಶಕ್ತಿಯ ರಕ್ಷಣೆ ಇದರಿಂದ ಗಂಭೀರ ವಿಷಯವಾಗುತ್ತದೆ. ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಯ ದುಡಿಮೆಗೆ 90 ಡೆಸಿಬೆಲ್ ಮಿತಿಯನ್ನು ಸೂಚಿಸುತ್ತವೆ. ಎಂಜಿನ್ನಿನ ಬಳಿ ಆ ಮಿತಿ ಸುಲಭವಾಗಿ ಮೀರುತ್ತದೆ.

ಗುಬ್ಬಿಯ ಘಟಕಕ್ಕೆ ಸಂಬಂಧಿಸಿದ ಸಮಸ್ಯೆ ಬೇರೆ ಬಗೆಯದು. 2016ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿ ಹಾರಿದ ಲಘು ಹೆಲಿಕಾಪ್ಟರಿನಲ್ಲಿ ಫ್ರಾನ್ಸಿನ ಸಹಯೋಗದಿಂದ ರೂಪುಗೊಂಡ 'ಶಕ್ತಿ' ಎಂಜಿನ್ನಿದೆ. ಇಂತಹ ಎಂಜಿನ್ನಿನಲ್ಲಿ ಅನಿಲದ ಶಕ್ತಿಯ ಬಹುಪಾಲು ರೆಕ್ಕೆಯನ್ನು ತಿರುಗಿಸಲು ವ್ಯಯವಾಗುವುದರಿಂದ ಹೊರಬೀಳುವ ಧಾರೆ ಮಂದವಾಗಿದ್ದು, ಜೆಟ್ ಶಬ್ದ ಗೌಣವಾಗುತ್ತದೆ. ಉಳಿಯುವವು ತಿರುಗುರೆಕ್ಕೆಯ ಗುಡುಗು, ಬಾಲದ ರೆಕ್ಕೆಯ ಸ್ವರ, ಹಲ್ಲುಗಾಲಿಗಳ ಪೆಟ್ಟಿಗೆಯ ಕಿರುಗು, ಕಂಪ್ರೆಸರಿನ ಸೀಟಿ ಮತ್ತು ದಹನದ ಮೊರೆತ. ಮುಖ್ಯ ರೆಕ್ಕೆಯ ಸದ್ದು 20 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಅದರ ತರಂಗದೂರ 17 ಮೀಟರ್; 2 ಮೀಟರಿನ ವ್ಯೂಹಕ್ಕೆ ಅದರ ನೆಲೆ ತಿಳಿಯುವುದು ಅಸಾಧ್ಯ. ಸಣ್ಣ ಎಂಜಿನ್ನಿನ ಗಾಳಿ ಸೇರುವ ಬಾಯಿಗೂ ಹೊಗೆ ಬಿಡುವ ಬಾಯಿಗೂ ಒಂದೆರಡು ಮೀಟರ್ ಅಂತರವಿದ್ದರೆ, 10 ಮೀಟರ್ ದೂರದಿಂದ 1,000 ಹರ್ಟ್ಸ್‌ನಲ್ಲಿ ಅವುಗಳನ್ನು ಬಿಡಿಸಿ ನೋಡುವುದು ಕಷ್ಟ, 5,000 ಹರ್ಟ್ಸ್‌ನಲ್ಲಿ ಸಾಧ್ಯ. ಆದ್ದರಿಂದ ಒಂದೇ ವ್ಯೂಹ ಎಲ್ಲಕ್ಕೂ ಒದಗದು. ಉಚ್ಚ ಸ್ವರಗಳಿಗೆ ಹತ್ತಿರದಲ್ಲಿ ನಿಬಿಡವಾದ ಸಣ್ಣ ವ್ಯೂಹವೂ, ಮಂದ್ರ ಶಬ್ದಕ್ಕೆ ನೆಲದ ಮೇಲೆ ಹತ್ತಾರು ಮೀಟರ್ ಹರಡಿದ ವಿರಳವಾದ ವ್ಯೂಹವೂ ಬೇಕಾಗುತ್ತವೆ. ಹಳ್ಳಿಗಳಿಗೆ ದೂರದವರೆಗೆ ಸಾಗಿ ತಲಪುವುದು ಮಂದ್ರ ಶಬ್ದವೇ. ಉಚ್ಚ ಸ್ವರಗಳನ್ನು ಗಾಳಿಯೇ ಬೇಗ ಹೀರಿಬಿಡುತ್ತದೆ. ಪರೀಕ್ಷಾ ತಾಣದ ಕಾರ್ಮಿಕನ ಕಿವಿಗೆ ಬಾಧಕವಾದ ಮೂಲ ಒಂದು, ದೂರದ ಹಳ್ಳಿಯ ನಿದ್ದೆಗೆ ಬಾಧಕವಾದ ಮೂಲ ಇನ್ನೊಂದು ಆಗಿರಬಹುದು. ಒಂದಕ್ಕೆ ಮಾಡಿದ ಉಪಚಾರ ಇನ್ನೊಂದಕ್ಕೆ ಫಲಕಾರಿಯಾಗುತ್ತದೆಂದು ಮುಂಚಿತವಾಗಿ ಹೇಳಲಾಗದು.

ವೆಚ್ಚದ ಅಡಚಣೆ ಮಾತ್ರ ಮೊದಲಿನಷ್ಟಿಲ್ಲ. ದೂರವಾಣಿ ಸಾಧನಗಳಿಗಾಗಿ ಲಕ್ಷಗಟ್ಟಲೆ ತಯಾರಾಗುವ ಸಿಲಿಕಾನ್ ಮೈಕ್ರೋಫೋನುಗಳು ಅಳತೆಯ ಮೈಕ್ರೋಫೋನುಗಳಿಗಿಂತ ಬಹಳ ಅಗ್ಗವಾಗಿವೆ. ಪ್ರಚಂಡ ಶಬ್ದದ ಸಮೀಪದಲ್ಲಿ ಅವು ಸಾಲವಾದರೂ ದೂರದ ವ್ಯೂಹಗಳಿಗೂ ಕಲಿಕೆಯ ಪ್ರಯೋಗಗಳಿಗೂ ಒದಗುತ್ತವೆ. 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಂತಹ ಸಂಸ್ಥೆಗಳ ವಿದ್ಯಾರ್ಥಿಗಳು ಇಂತಹ ವ್ಯೂಹವನ್ನು ನಿರ್ಮಿಸಿ, ಅಂತರಸನಹಳ್ಳಿಯಂತಹ ಕೈಗಾರಿಕಾ ಪ್ರದೇಶದಲ್ಲಿ ಯಂತ್ರವನ್ನು ಸಂಚಾರದಿಂದ ಪ್ರತ್ಯೇಕಿಸಿ ಗುರುತಿಸುವ ಅಭ್ಯಾಸದಿಂದ ಆರಂಭಿಸಬಹುದು. ತತ್ತ್ವ ಅದೇ, ಗಣಿತ ಅದೇ. ಮೂಲದ ಪ್ರಾಬಲ್ಯ ಮಾತ್ರ ಭಿನ್ನ.

9. ಉಪಸಂಹಾರ

ಮೈಕ್ರೋಫೋನ್ ವ್ಯೂಹವು ಶಬ್ದವನ್ನು ತಗ್ಗಿಸುವ ಸಾಧನವಲ್ಲ. ಯಾವುದನ್ನು ತಗ್ಗಿಸಬೇಕೆಂದು ನಿರ್ಧರಿಸಲು ನೆರವಾಗುವ ಸಾಧನ. ಆ ನಿರ್ಧಾರ ತಪ್ಪಿದರೆ ಅನಂತರದ ಎಲ್ಲ ವೆಚ್ಚವೂ ಸಂಖ್ಯೆಯಲ್ಲಿ ಕಾಣದಷ್ಟು ಅಲ್ಪ ಫಲವನ್ನು ಕೊಡುತ್ತದೆಂಬುದನ್ನು ಡೆಸಿಬೆಲ್ಲಿನ ಲೆಕ್ಕವೇ ತೋರಿಸುತ್ತದೆ. ಅದೇ ಸಮಯದಲ್ಲಿ, ವ್ಯೂಹದ ಬಣ್ಣದ ನಕ್ಷೆಯನ್ನು ಅಂತಿಮ ತೀರ್ಪೆಂದು ಭಾವಿಸುವುದೂ ಸಲ್ಲದು. ಹೊರಬೀಳುವ ತಾಣವನ್ನು ಹುಟ್ಟುವ ತಾಣವೆಂದು, ಪ್ರತಿಧ್ವನಿಯನ್ನು ಮೂಲವೆಂದು, ಎರಡು ಮೂಲಗಳನ್ನು ಒಂದೆಂದು ಬಗೆಯುವ ಸಾಧ್ಯತೆ ಅದರಲ್ಲಿ ಸದಾ ಇದೆ. ಅಲಗುಗಳ ಸಂಖ್ಯೆ ಮತ್ತು ಸುತ್ತಿನ ವೇಗದಿಂದ ನಿರೀಕ್ಷಿತ ಸ್ವರಗಳನ್ನು ಮೊದಲೇ ಲೆಕ್ಕ ಹಾಕುವುದು, ಗೊತ್ತಾದ ಸ್ಥಾನದಲ್ಲಿ ಧ್ವನಿವರ್ಧಕವನ್ನಿಟ್ಟು ವ್ಯೂಹವನ್ನು ಪರೀಕ್ಷಿಸುವುದು, ಉಷ್ಣತೆಯನ್ನು ದಾಖಲಿಸುವುದು, ನಾಳದೊಳಗಿನ ಅಳತೆಗಳೊಡನೆ ಹೊರಗಿನ ನಕ್ಷೆಯನ್ನು ತಾಳೆ ನೋಡುವುದು ಇವು ಕ್ರಮಬದ್ಧ ಅಧ್ಯಯನದ ಅಂಗಗಳು. ಎಂಜಿನ್ ನಿರ್ಮಾಣ, ಕ್ಷುಬ್ಧ ಹರಿವಿನ ಅಧ್ಯಯನ, ಶಬ್ದಶಾಮಕಗಳ ಶಾಸ್ತ್ರ ಈ ಮೂರೂ ನೆಲೆಗೊಂಡಿರುವ ಕರ್ನಾಟಕದಲ್ಲಿ ನಾಲ್ಕನೆಯದಾದ ಈ ನಿದಾನಶಾಸ್ತ್ರವು ಬೆಂಗಳೂರಿನ ಪ್ರಯೋಗಾಲಯಗಳಿಗೆ ಸೀಮಿತವಾಗದೆ, ಎಂಜಿನ್ನುಗಳು ತಲಪಿರುವ ಹೊಸ ನೆಲೆಗಳಿಗೂ ವಿಸ್ತರಿಸುವುದು ಅಪೇಕ್ಷಣೀಯ.